ಗೋಡೆಗೆ ಬಂದ ನೀಲಿ-ಹಸಿರು

ನೀಲಿಗೂ ಹಸಿರಿಗೂ ನಡುವೆ ನಿಲ್ಲುವ, ತುಸು ಕಪ್ಪುಛಾಯೆಯ ಬಣ್ಣವನ್ನು ಇಂದಿನ ಅಂಗಡಿಗಳು ‘ಟೀಲ್’ ಎಂಬ ಹೆಸರಿನಲ್ಲಿ ಮಾರುತ್ತವೆ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ವಲಸೆ ಬರುವ ಚಿಕ್ಕ ಬಾತುಕೋಳಿಯ ಹೆಸರದು. ಗಂಡುಹಕ್ಕಿಯ ಕಣ್ಣಿನ ಬದಿಯಲ್ಲಿ ಈ ಬಣ್ಣದ ಪಟ್ಟೆಯಿರುತ್ತದೆ. ಹೆಸರು ಹೊಸದಾದರೂ ಇಂಥ ಬಣ್ಣವನ್ನು ಗೋಡೆಗೆ ತರುವ ಹಂಬಲ ಹಳೆಯದು, ಮತ್ತು ಆ ಹಂಬಲಕ್ಕೆ ಬಹುಕಾಲ ಅಡ್ಡಿಯಾದದ್ದು ರಸಾಯನ.

ಯುರೋಪಿನಲ್ಲಿ ಮೊದಲು ಒದಗಿದ್ದು ತಾಮ್ರದ ಕಿಲುಬು. ಫ್ರಾನ್ಸಿನ ಮೊಂಪೆಲಿಯೆ ನಗರದ ಹೆಂಗಸರು ಮನೆಯ ನೆಲಮಾಳಿಗೆಗಳಲ್ಲಿ ತಾಮ್ರದ ತಗಡುಗಳನ್ನು ಹುಳಿತ ದ್ರಾಕ್ಷಿಚರಟದ ನಡುವೆ ಇರಿಸಿ, ಮೇಲೆ ಹುಟ್ಟಿದ ಹಸಿರನ್ನು ಕೆರೆದು ಮಾರುತ್ತಿದ್ದರು. ಅಮೆರಿಕದ ಜಾರ್ಜ್ ವಾಷಿಂಗ್ಟನ್ ತಮ್ಮ ಮೌಂಟ್ ವರ್ನನ್ ಮನೆಯ ಚಿಕ್ಕ ಊಟದ ಕೋಣೆಗೆ 1785ರಲ್ಲಿ ಬಳಿಸಿದ್ದು ಇದನ್ನೇ. ದುಬಾರಿಯಾದರೂ ಕಿಲುಬು ಕಾಲಾಂತರದಲ್ಲಿ ಕಂದುತ್ತಿತ್ತು. ಬರ್ಲಿನ್ನಿನಲ್ಲಿ 18ನೆಯ ಶತಮಾನದ ಆರಂಭದಲ್ಲಿ ದೊರೆತ ಪ್ರಷ್ಯನ್ ನೀಲಿಗೆ ಆ ದೋಷವಿರಲಿಲ್ಲ. ಆದರೆ ಸುಣ್ಣದ ಕ್ಷಾರ ತಗುಲಿದರೆ ಅದು ಕೆಡುತ್ತಿತ್ತು. ಸ್ವೀಡನ್ನಿನ ರಸಾಯನವಿಜ್ಞಾನಿ ಷೀಲೆ 1775ರಲ್ಲಿ ತಯಾರಿಸಿದ ಹಸಿರು ಅಗ್ಗವಾಗಿ ಗೋಡೆಕಾಗದಗಳನ್ನೆಲ್ಲ ಆವರಿಸಿತು. ಅದರಲ್ಲಿದ್ದದ್ದು ತಾಮ್ರದೊಂದಿಗೆ ಪಾಷಾಣ, ಎಂದರೆ ಆರ್ಸೆನಿಕ್. ಒದ್ದೆಗೋಡೆಯ ಬೂಷ್ಟು ಅದನ್ನು ವಿಷಾನಿಲವಾಗಿಸಬಲ್ಲದೆಂದು ಇಟಲಿಯ ವಿಜ್ಞಾನಿ ಗೋಸಿಯೊ 19ನೆಯ ಶತಮಾನದ ಕೊನೆಯಲ್ಲಿ ತೋರಿಸಿದರು.

ಈ ಬಣ್ಣ ಇಡೀ ಕೋಣೆಯನ್ನು ಆಳಿದ ಪ್ರಸಿದ್ಧ ಉದಾಹರಣೆ ಲಂಡನ್ನಿನದು. ಹಡಗು ವ್ಯಾಪಾರಿ ಫ್ರೆಡರಿಕ್ ಲೇಲ್ಯಾಂಡ್ ತಮ್ಮ ಚೀನೀ ಪಿಂಗಾಣಿಗಳನ್ನು ಇರಿಸಲೆಂದು ಕಟ್ಟಿಸಿದ ಊಟದ ಕೋಣೆಯಲ್ಲಿ ಚಿತ್ರಕಾರ ಜೇಮ್ಸ್ ವಿಸ್ಲರ್ 1876-77ರಲ್ಲಿ, ಯಜಮಾನರು ಊರಲ್ಲಿಲ್ಲದಾಗ, ಗೋಡೆಗೆ ಹೊದಿಸಿದ್ದ ಬೆಲೆಬಾಳುವ ತೊಗಲಿನ ಮೇಲೂ ನೀಲಿ-ಹಸಿರನ್ನು ಬಳಿದು, ಹೊನ್ನಿನ ನವಿಲುಗಳನ್ನು ಬರೆದು, 2000 ಗಿನಿ ಕೇಳಿದರು. ಲೇಲ್ಯಾಂಡ್ ಕೊಟ್ಟದ್ದು 1000 ಪೌಂಡ್. ಕಲಾವಿದರಿಗೆ 21 ಷಿಲಿಂಗಿನ ಗಿನಿಯಲ್ಲೂ ಕಸುಬುದಾರರಿಗೆ 20 ಷಿಲಿಂಗಿನ ಪೌಂಡಿನಲ್ಲೂ ಹಣ ಕೊಡುವ ರೂಢಿಯಿದ್ದುದರಿಂದ ಅದು ಅವಮಾನವೂ ಆಯಿತು. ವಿಸ್ಲರ್ ಗೋಡೆಯ ಮೇಲೆ ಕಾದಾಡುವ ಎರಡು ನವಿಲುಗಳನ್ನು ಬರೆದು, ಒಂದರ ಕಾಲಬಳಿ ನಾಣ್ಯ ಚೆಲ್ಲಿಸಿ ಸೇಡು ತೀರಿಸಿಕೊಂಡರು. ಆದರೂ ಲೇಲ್ಯಾಂಡ್ 1892ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ಅಳಿಸಲಿಲ್ಲ ಎಂಬುದು ಬಣ್ಣದ ಪರವಾದ ಸಾಕ್ಷಿಯೇ ಸರಿ. ಕೋಣೆ ಈಗ ವಾಷಿಂಗ್ಟನ್ನಿನ ಫ್ರೀಯರ್ ಕಲಾ ಸಂಗ್ರಹಾಲಯದಲ್ಲಿದೆ.

ಸಾಮಾನ್ಯ ಮನೆಗಳಿಗೆ ಬಾಗಿಲು ತೆರೆದದ್ದು ಒಂದು ಬಿರುಕು. ಸ್ಕಾಟ್ಲೆಂಡಿನ ಗ್ರೇಂಜ್‌ಮತ್ ಕಾರ್ಖಾನೆಯಲ್ಲಿ 1928ರಲ್ಲಿ ಗಾಜು ಲೇಪಿಸಿದ ಪಾತ್ರೆ ಬಿರಿದು, ಒಳಗಿನ ರಾಸಾಯನಿಕಕ್ಕೆ ಕಬ್ಬಿಣ ತಗುಲಿ ಕಡುನೀಲಿ ವಸ್ತುವೊಂದು ಉಂಟಾಯಿತು. ಅದರ ರಚನೆಯನ್ನು ರಸಾಯನವಿಜ್ಞಾನಿ ಲಿನ್‌ಸ್ಟೆಡ್ ಬಿಡಿಸಿದರು. ಕಬ್ಬಿಣದ ಬದಲು ತಾಮ್ರವಿರುವ ರೂಪ 1935ರಲ್ಲಿ ಮಾರುಕಟ್ಟೆಗೆ ಬಂದಿತು, ಅದಕ್ಕೆ ಕ್ಲೋರಿನ್ ಸೇರಿಸಿದಾಗ ಹಸಿರೂ ದೊರೆಯಿತು. ಥ್ಯಾಲೊಸಯನೀನ್ ಎಂಬ ಈ ವರ್ಗದ ವರ್ಣಗಳು ಬಿಸಿಲಿಗೆ ಮಾಸುವುದಿಲ್ಲ, ಸುಣ್ಣಕ್ಕೆ ಕೆಡುವುದಿಲ್ಲ.

ಟೀಲ್ ಇಂದು ಎಲ್ಲೆಲ್ಲೂ ಕಾಣುವುದಕ್ಕೆ ಅಭಿರುಚಿಗಿಂತ ಈ ಗಟ್ಟಿತನವೇ ಹೆಚ್ಚಿನ ಕಾರಣ. ಆದರೆ ಈ ಕಡುಬಣ್ಣ ಬೆಳಕನ್ನು ನುಂಗುತ್ತದೆ, ಹಳದಿ ದೀಪದಡಿ ಹಸಿರಿನತ್ತ ವಾಲುತ್ತದೆ. ಕಿಟಕಿ ಚಿಕ್ಕದಾದ ಮನೆಯವರು ಮೊದಲು ಗೋಡೆಯ ಒಂದು ಮೂಲೆಗಷ್ಟೇ ಬಳಿದು, ಹಗಲಿನಲ್ಲೂ ದೀಪದಲ್ಲೂ ನೋಡಿ, ಆಮೇಲೆ ಡಬ್ಬಿ ಕೊಳ್ಳುವುದು ಲೇಸು.