ಯಾರ ಹೆಗಲಿಗೆ ಬಂದೂಕು?

(ಕೊಂಡ್ಲಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಹೇಳಬೇಕೆಂದಿರುವುದು ಒಂದು ಪಟಾಲಮಿನ ಕತೆ. ಅದರ ಹೆಸರು ಬೆಂಗಳೂರು ರೈಫಲ್ ವಾಲಂಟಿಯರ್ಸ್. ಬೆಂಗಳೂರಿನ ದಂಡು ಪ್ರದೇಶದಲ್ಲಿ 1868ರಲ್ಲಿ ಹುಟ್ಟಿ, ಹೆಸರು ಬದಲಾಯಿಸಿಕೊಳ್ಳುತ್ತ, ಬ್ರಿಟಿಷರು ಗಂಟುಮೂಟೆ ಕಟ್ಟುವವರೆಗೂ ಬಾಳಿದ ಪಡೆ ಅದು. “ಇಲ್ಲಿ ಮಳೆಯಿಲ್ಲ, ಶೇಂಗಾಕ್ಕೆ ಬೆಲೆಯಿಲ್ಲ, ಇವನು ಬಿಳಿಯ ದೊರೆಗಳ ಪಟಾಲಮಿನ ಕತೆ ಹೇಳಲು ಬಂದಿದ್ದಾನೆ” ಎಂದು ತಾವು ನಗಬಹುದು. ನಗಿರಿ, ಆದರೆ ಸ್ವಲ್ಪ ಕೇಳಿ ನಗಿರಿ. ಆ ಕತೆಯ ಒಂದು ತುದಿ ಬೆಂಗಳೂರಿನಲ್ಲಿದ್ದರೆ ಇನ್ನೊಂದು ತುದಿ ನಮ್ಮಂಥ ಊರುಗಳಲ್ಲಿದೆ.

ಮೊದಲು ಈ ತುದಿಯಿಂದಲೇ ಆರಂಭಿಸೋಣ. ನಮ್ಮ ಸೀಮೆ ಬೇಡರ ಸೀಮೆ. ಚಿತ್ರದುರ್ಗದ ಪಾಳೆಯಗಾರರ ಕೋಟೆಯನ್ನು ಕಾದದ್ದು ಈ ಜನ. 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿಯುವವರೆಗೂ ಆಯುಧವೆಂಬುದು ಇಲ್ಲಿನ ಮನೆಮನೆಯ ಬದುಕಾಗಿತ್ತು. ಬೇಟೆಗೂ ಅದೇ, ಕಾವಲಿಗೂ ಅದೇ, ಹೊಲಕ್ಕೆ ಬಂದ ಕರಡಿ ಹಂದಿಯನ್ನು ಅಟ್ಟುವುದಕ್ಕೂ ಅದೇ.

1857ರ ದಂಗೆಯಿಂದ ಬೆಚ್ಚಿದ ಇಂಗ್ಲಿಷ್ ಸರ್ಕಾರ ಜನರ ಕೈಯ ಆಯುಧ ಕಿತ್ತುಕೊಳ್ಳುವ ಶಾಸನ ತಂದಿತು. ಮುಧೋಳದ ಹತ್ತಿರ ಹಲಗಲಿ ಎಂಬ ಹಳ್ಳಿಯ ಬೇಡರು “ಕೊಡುವುದಿಲ್ಲ” ಎಂದರು. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಹಳ್ಳಿಯನ್ನು ಸುಟ್ಟಿತು. ಅನೇಕರು ಗುಂಡಿಗೆ ಸತ್ತರು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಅವರು ರಾಜ್ಯ ಕೇಳಿರಲಿಲ್ಲ, ಸಿಂಹಾಸನ ಕೇಳಿರಲಿಲ್ಲ. ತಮ್ಮ ಹಿರಿಯರಿಂದ ಬಂದ ಆಯುಧ ತಮ್ಮಲ್ಲೇ ಇರಲಿ ಎಂದಷ್ಟೇ ಕೇಳಿದ್ದರು.

ಹಲಗಲಿಯ ಬೂದಿ ಆರಿ ಹನ್ನೊಂದು ವರ್ಷಕ್ಕೆ, ಅಂದರೆ 1868ರಲ್ಲಿ, ಬೆಂಗಳೂರಿನ ದಂಡಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಅಲ್ಲಿನ ಯುರೋಪಿಯನ್ನರನ್ನೂ, ಆಗ ಯುರೇಷಿಯನ್ನರೆಂದು ಕರೆಯುತ್ತಿದ್ದ ಆಂಗ್ಲೋ ಇಂಡಿಯನ್ನರನ್ನೂ ಕರೆದು ಸರ್ಕಾರವೇ ಬಂದೂಕು ಕೊಟ್ಟಿತು. ಅವರು ವೃತ್ತಿಯಿಂದ ಸಿಪಾಯಿಗಳಲ್ಲ. ಹಗಲು ತಮ್ಮ ತಮ್ಮ ಕೆಲಸ ಮಾಡಿ, ಬಿಡುವಿನಲ್ಲಿ ಕವಾಯತು ಮಾಡಿ ಗುರಿ ಹೊಡೆಯುವುದನ್ನು ಕಲಿತವರು. ಮರುವರ್ಷವೇ, 1869ರಲ್ಲಿ, ಇಂಥ ವಾಲಂಟಿಯರ್ ಪಡೆಗಳಿಗೆಂದು ಶಾಸನವೂ ಆಯಿತು. 1878ರಲ್ಲಿ ಲಾರ್ಡ್ ಲಿಟ್ಟನ್ನನ ಆಯುಧ ಕಾನೂನು ಬಂತು. ಬ್ರಿಟಿಷ್ ಇಂಡಿಯಾದಲ್ಲಿ ಇಂಡಿಯನ್ನನು ಬಂದೂಕು ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು, ಬಿಳಿಯನಿಗೆ ಬೇಡ! ನಮ್ಮ ಪಕ್ಕದ ರಾಯದುರ್ಗ, ಬಳ್ಳಾರಿಗಳು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದು ಈ ಕಾನೂನಿನ ಕೆಳಗಿದ್ದವು.

ವಾಲಂಟಿಯರ್ ಎಂದರೆ ಸ್ವಯಂಸೇವಕ, ತನ್ನ ಇಚ್ಛೆಯಿಂದ ಮುಂದೆ ಬಂದವನು. ಹಾಗಾದರೆ ಇಚ್ಛೆ ಇಂಡಿಯನ್ನನಿಗೆ ಇರಲಿಲ್ಲವೆ? ಇತ್ತು. 1885ರಲ್ಲಿ ಆಫ್ಘಾನಿಸ್ಥಾನದ ಗಡಿಯಲ್ಲಿ ರಷ್ಯದ ಭಯ ಹುಟ್ಟಿದಾಗ ವಿದ್ಯಾವಂತ ಇಂಡಿಯನ್ನರು “ನಾವೂ ವಾಲಂಟಿಯರುಗಳಾಗುತ್ತೇವೆ, ಸೇರಿಸಿಕೊಳ್ಳಿ” ಎಂದು ಅರ್ಜಿ ಹಾಕಿದರು. 1886ರ ಕಲ್ಕತ್ತದ ಕಾಂಗ್ರೆಸ್ ಅಧಿವೇಶನ ಇದೇ ಬೇಡಿಕೆಯ ನಿರ್ಣಯ ಮಾಡಿತು. ಸರ್ಕಾರ ಬಾಗಿಲು ತೆರೆಯಲಿಲ್ಲ. ಇಚ್ಛೆಯೊಂದಿದ್ದರೆ ಸಾಲದು, ಚರ್ಮದ ಬಣ್ಣವೂ ಒಪ್ಪಬೇಕು ಎಂದಾಯಿತು. ಇಂಥ ಪಡೆಯನ್ನು ಕಟ್ಟಿದ್ದು ಹೊರಗಿನ ಶತ್ರುವಿಗೆಂದು ಹೇಳಿದರೆ ಯಾರು ನಂಬುತ್ತಾರೆ? 1857 ಮರುಕಳಿಸಿದರೆ ಬಿಳಿಯರ ಬಂಗಲೆ, ಖಜಾನೆ, ರೈಲು ನಿಲ್ದಾಣಗಳನ್ನು ಕಾಯಲು ಅದನ್ನು ಕಟ್ಟಿದರು. ಅವರ ಲೆಕ್ಕದಲ್ಲಿ ಶತ್ರು ನಾವೇ.

ಮಿತ್ರರೇ, ಇಷ್ಟೇ ಆಗಿದ್ದರೆ ಇದು ಬಿಳಿಯ ಕರಿಯ ಜಗಳದ ಕತೆಯಾಗಿ ಮುಗಿಯುತ್ತಿತ್ತು. ದುಡಿಯುವವರಾದ ನಾವು ಗಮನಿಸಬೇಕಾದದ್ದು ಮುಂದಿದೆ.

ಬೆಂಗಳೂರಿನದೊಂದೇ ಅಲ್ಲ, ರೈಲ್ವೆ ಕಂಪನಿಗಳಲ್ಲಿಯೂ ರೈಫಲ್ ಪಡೆಗಳು ಹುಟ್ಟಿದವು. ಹುಬ್ಬಳ್ಳಿಯಲ್ಲಿ ಕಾರ್ಖಾನೆ ಇಟ್ಟುಕೊಂಡು, ನಮ್ಮ ದಾವಣಗೆರೆಯ ಮೇಲೆ ಹಾದುಹೋಗುವ ಬೆಂಗಳೂರು–ಹರಿಹರದ ದಾರಿಯನ್ನು ನಡೆಸುತ್ತಿದ್ದ ಸದರ್ನ್ ಮರಾಠಾ ರೈಲ್ವೆಗೂ ತನ್ನದೇ ವಾಲಂಟಿಯರ್ ಪಡೆಯಿತ್ತು. ಅದರಲ್ಲಿದ್ದವರು ಯಾರು? ಎಂಜಿನ್ ಓಡಿಸುವವನು, ಗಾರ್ಡು, ಕಾರ್ಖಾನೆಯ ಫಿಟ್ಟರು. ಅವನೂ ಕೂಲಿಯವನೇ, ಮಸಿಯಲ್ಲಿ ಮೈ ಕಪ್ಪಾದವನೇ. ಆದರೆ ಯುರೋಪಿಯನ್ ಅಥವಾ ಆಂಗ್ಲೋ ಇಂಡಿಯನ್ ನೌಕರನಾದರೆ ಕೆಲಸದ ಜೊತೆಗೆ ಬಂದೂಕೂ ಬರುತ್ತಿತ್ತು. ಎಷ್ಟೋ ಕಡೆ ಪಡೆಗೆ ಸೇರುವುದೇ ನೌಕರಿಯ ಷರತ್ತು. ಸೇರದಿದ್ದರೆ ಕೆಲಸವಿಲ್ಲ, ಆದರೂ ಹೆಸರು ಮಾತ್ರ ಸ್ವಯಂಸೇವಕ! ಅವನಿಗೆ ಸಂಬಳ ಹೆಚ್ಚು, ವಸತಿ ಬೇರೆ. ಪಕ್ಕದಲ್ಲೇ ದುಡಿಯುವ ಇಂಡಿಯನ್ ಫಿಟ್ಟರಿಗೆ ಸಂಬಳ ಕಡಿಮೆ, ಬಂದೂಕಂತೂ ಇಲ್ಲ. ಮುಷ್ಕರವಾದಾಗ ಗಾಡಿ ನಿಲ್ಲದಂತೆ ನೋಡಿಕೊಳ್ಳುವುದಕ್ಕೂ, ನಿಲ್ದಾಣ ಕಾಯುವುದಕ್ಕೂ ಈ ಬಂದೂಕಿನ ನೌಕರರೇ ಬೇಕಾದರು. ಒಂದೇ ಕಾರ್ಖಾನೆಯ ಇಬ್ಬರು ಕೂಲಿಗಳ ನಡುವೆ ಗೋಡೆ ಕಟ್ಟಲು ಇದಕ್ಕಿಂತ ಅಗ್ಗದ ಉಪಾಯ ಉಂಟೆ?

ಕೋಲಾರದ ಚಿನ್ನದ ಗಣಿಯಲ್ಲೂ ಹಾಗೆಯೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂತು. ಮುಂದೆ ಅಲ್ಲಿನ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ನೌಕರರ ರೈಫಲ್ ಪಡೆಯೂ ನಿಂತಿತು. ಸಾವಿರಾರು ಅಡಿ ಆಳದಲ್ಲಿ ಕಲ್ಲು ಒಡೆಯುವ ಕೂಲಿಗೆ ಸುತ್ತಿಗೆ, ಮೇಲೆ ನಿಂತವನಿಗೆ ರೈಫಲ್. 1930ರಲ್ಲಿ ಬೆರಳಚ್ಚು ಒತ್ತಿ ನೋಂದಣಿಯಾಗಬೇಕೆಂಬ ಆಜ್ಞೆಯನ್ನು ಒಪ್ಪದೆ ಸಾವಿರಾರು ಗಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಅವರ ಕೈಯಲ್ಲಿ ಏನಿತ್ತು? ಏನೂ ಇರಲಿಲ್ಲ. ಸುಮಾರು ಮೂರು ವಾರ ಅವರನ್ನು ಹಿಡಿದು ನಿಲ್ಲಿಸಿದ್ದು ಅವರ ಒಗ್ಗಟ್ಟು.

ಇನ್ನು ಆ ಪಟಾಲಮಿನ ಕೊನೆಯ ಮಾತು. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಸರ್ಕಾರ ವಾಲಂಟಿಯರ್ ಪಡೆಗಳನ್ನು ಇಂಡಿಯನ್ ಡಿಫೆನ್ಸ್ ಫೋರ್ಸ್ ಎಂಬುದರಲ್ಲಿ ಸೇರಿಸಿ, ಇಲ್ಲಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ ಸೇವೆಯನ್ನು ಕಡ್ಡಾಯ ಮಾಡಿತು. ಇಚ್ಛೆಯ ಹೆಸರಿನಲ್ಲಿ ಹುಟ್ಟಿದ್ದು ಬಲವಂತದಲ್ಲಿ ಬಂದು ನಿಂತಿತು. 1920ರಲ್ಲಿ ಮತ್ತೆ ಹೆಸರು ಬದಲಾಗಿ ಆಕ್ಸಿಲಿಯರಿ ಫೋರ್ಸ್ ಆಯಿತು. ಅದೇ ವರ್ಷ ಇಂಡಿಯನ್ನರಿಗೆಂದು ಟೆರಿಟೋರಿಯಲ್ ಫೋರ್ಸನ್ನು ಬೇರೆಯಾಗಿ ಮಾಡಿದರು. ಪಂಕ್ತಿಭೇದ ಮಾತ್ರ ಬಿಡಲಿಲ್ಲ. 1947ರಲ್ಲಿ ಆಕ್ಸಿಲಿಯರಿ ಫೋರ್ಸ್ ಮುಚ್ಚಿಹೋಯಿತು. ಬೆಂಗಳೂರಿನಲ್ಲಿ ಆ ಪಟಾಲಮಿನ ಹೆಸರು ಉಳಿದದ್ದು ಒಂದು ಚಿತ್ರಮಂದಿರದಲ್ಲಿ. ಕಬ್ಬನ್ ರಸ್ತೆಯ ಬಿ.ಆರ್.ವಿ. ಟಾಕೀಸಿನ ಮೂರು ಅಕ್ಷರ ಅದರದೇ. ಆ ಟಾಕೀಸೂ ಮುಚ್ಚಿ ಬಹುಕಾಲವಾಯಿತು.

ಪಟಾಲಂ ಮುಚ್ಚಿದ ದಿನ ಆ ಆಂಗ್ಲೋ ಇಂಡಿಯನ್ ಗಾರ್ಡಿನ ಗತಿ ಏನಾಯಿತೆಂದು ಯೋಚಿಸಿರಿ. ದೊರೆಗಳು ಹಡಗು ಹತ್ತಿದರು. ಬಂದೂಕನ್ನು ಹಿಂದಕ್ಕೆ ಪಡೆದರು. ಅವನ ಪಾಲಿಗೆ ಉಳಿದದ್ದು ಅದೇ ಕಾರ್ಖಾನೆ, ಅದೇ ಕೂಲಿ, ಮತ್ತು ಯಾರ ಎದುರು ಅವನನ್ನು ನಿಲ್ಲಿಸಿದ್ದರೋ ಅದೇ ಜೊತೆಗಾರರು. ಅವನ ಮೇಲೆ ನನಗೆ ದ್ವೇಷವಿಲ್ಲ, ಮರುಕವಿದೆ. ನಾಲ್ಕು ರೂಪಾಯಿ ಹೆಚ್ಚಿನ ಸಂಬಳಕ್ಕೆ, ಹೆಗಲ ಮೇಲಿನ ಒಂದು ಪಟ್ಟಿಗೆ, ತಾನು ಯಾರವನೆಂಬುದನ್ನು ಅವನು ಮರೆಯುವಂತೆ ಮಾಡಿದರು.

ಇಂದು ಕಾಲ ಬೇರೆ. 1949ರಲ್ಲಿ ಆರಂಭವಾದ ಟೆರಿಟೋರಿಯಲ್ ಆರ್ಮಿಗೆ ಜಾತಿ ಬಣ್ಣಗಳ ಬೇಲಿಯಿಲ್ಲ. 1962ರ ಶಾಸನದ ಪ್ರಕಾರ ನಮ್ಮ ರಾಜ್ಯದಲ್ಲಿ ಗೃಹರಕ್ಷಕ ದಳವಿದೆ. ಅದರಲ್ಲಿ ನಮ್ಮ ನಿಮ್ಮ ಮಕ್ಕಳೇ ಇದ್ದಾರೆ. ಅವರೂ ಸ್ವಯಂಸೇವಕರೇ, ಕರೆದ ದಿನಕ್ಕೆ ಭತ್ಯೆ ಪಡೆಯುವವರು. ಜಾತ್ರೆಯಲ್ಲಿ, ಚುನಾವಣೆಯಲ್ಲಿ, ನೆರೆ ಬಂದಾಗ ಅವರ ಸೇವೆ ದೊಡ್ಡದು. ನಿಮ್ಮ ಮನೆಯ ಹುಡುಗ ಖಾಕಿ ತೊಟ್ಟು ಹೊರಟರೆ ಹೆಮ್ಮೆಪಡಿ. ಆದರೆ ಅವನನ್ನು ಕೂರಿಸಿಕೊಂಡು ಈ ಕತೆಯನ್ನೂ ಹೇಳಿ. “ಅಪ್ಪಾ, ಗಿರಣಿಯ ಬಾಗಿಲಲ್ಲಿ ನಿನ್ನನ್ನು ನಿಲ್ಲಿಸಿದ ದಿನ, ಎದುರಿಗೆ ಕೂತವರ ಮುಖ ಒಂದು ಸಲ ನೋಡು. ಅವರಲ್ಲಿ ನಿನ್ನ ಚಿಕ್ಕಪ್ಪನೂ ಇರಬಹುದು” ಎಂದು ಹೇಳಿ.

ಬಂದೂಕು ತಾನಾಗಿ ಯಾರನ್ನೂ ಗುರಿ ಇಡುವುದಿಲ್ಲ. ಅದನ್ನು ಯಾರು ಕೊಟ್ಟರು, ಯಾರಿಂದ ಕಿತ್ತು ಯಾರಿಗೆ ಕೊಟ್ಟರು ಎಂದು ಕೇಳುವ ಅಭ್ಯಾಸ ನಮಗಿರಬೇಕು. ಹಲಗಲಿಯವರು ಅದನ್ನು ಕೇಳಿ ಪ್ರಾಣ ತೆತ್ತರು. ನಾವು ಪ್ರಾಣ ಕೊಡಬೇಕಾಗಿಲ್ಲ, ಮರೆಯದಿದ್ದರೆ ಸಾಕು.