ಶೇಕಡಾ ಒಂದರ ಲೆಕ್ಕ: ಗೇಮ್ ಕಂಪನಿಗಳು ಮತ್ತು ಲಿನಕ್ಸ್



ತಂತ್ರಜ್ಞಾನ ಗೋಷ್ಠಿಯ ಆಶಯ ಭಾಷಣಕ್ಕೆ ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಯಾಕೆ ಕರೆದರು ಅಂತ ನಿಮ್ಮಲ್ಲಿ ಹಲವರಿಗೆ ಅನ್ನಿಸಿರಬಹುದು. ನನಗೂ ಅನ್ನಿಸಿತು. ಕಾರ್ಪೊರೇಟ್ ತೆರಿಗೆ ಬಗ್ಗೆ ಕೇಳಬೇಕು ಅಂತ ಬಂದವರು ದಯವಿಟ್ಟು ಊಟದ ಹೊತ್ತಿಗೆ ಸಿಗಿ. ಈಗ ನಾನು ಹೇಳಲು ಬಂದಿರುವುದು ನಾನೇ ಮಾಡಿದ ಒಂದು ಲೆಕ್ಕದ ಕಥೆ. ಲೆಕ್ಕ ಸರಿಯಿತ್ತು. ಸಲಹೆ ಸರಿಯಿತ್ತೋ ಇಲ್ಲವೋ, ನೀವೇ ಹೇಳಿ.

2017ರಲ್ಲಿ ನಾನು ಬೆಂಗಳೂರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೆ. ಮೂವರು ಗೆಳೆಯರ ಒಂದು ಪುಟ್ಟ ಗೇಮ್ ಕಂಪನಿ ನನ್ನ ಕ್ಲೈಂಟ್. ಅವರ ಗೇಮ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತಿತ್ತು. ಕೈಯಲ್ಲಿ ದುಡ್ಡು ಕಡಿಮೆಯಾದಾಗ ಬಂದು ಕೇಳಿದರು: "ಸರ್, ಲಿನಕ್ಸ್ ಆವೃತ್ತಿ ಮುಂದುವರಿಸೋದಾ, ಬಿಡೋದಾ?" ನಾನು ಮಾರಾಟದ ಪಟ್ಟಿ ತರಿಸಿದೆ. ನೂರು ಪ್ರತಿ ಮಾರಿದರೆ ಅದರಲ್ಲಿ ಲಿನಕ್ಸಿನದು ಎರಡು. ಅದನ್ನು ನೋಡಿಕೊಳ್ಳುವ ಹುಡುಗನ ಕೆಲಸದ ಮೂರನೇ ಒಂದು ಭಾಗ ಅದಕ್ಕೇ ಹೋಗುತ್ತಿತ್ತು. ಒಂದು ಪುಟದ ಟಿಪ್ಪಣಿ ಬರೆದೆ: ನಿಲ್ಲಿಸಿ. ನಿಲ್ಲಿಸಿದರು. ಆ ಹುಡುಗ ಮಾತ್ರ ಹೊರಡುವಾಗ ಒಂದು ಮಾತು ಹೇಳಿದ: "ಸರ್, ನಮಗೆ ಸರಿಯಾಗಿ ಬಗ್ ಹೇಳ್ತಿದ್ದೋರು ಅವರೇ." ಆ ಮಾತನ್ನು ಬರೆಯಲು ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಆಮೇಲೆ ಕುತೂಹಲಕ್ಕೆ ಈ ವಿಷಯದ ಹಿಂದೆ ಬಿದ್ದೆ. ಗೊತ್ತಾದದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಶೇಕಡಾ ಒಂದರಷ್ಟು ಗಿರಾಕಿಗಳಿದ್ದರೆ ಖರ್ಚೂ ಶೇಕಡಾ ಒಂದೇ ಆಗುವುದಿಲ್ಲ. ಬಹಳ ಗೇಮ್‌ಗಳು ಚಿತ್ರ ಮೂಡಿಸಲು ಬಳಸುವ ಡೈರೆಕ್ಟ್‌ತ್ರೀಡಿ ಮೈಕ್ರೋಸಾಫ್ಟಿನದು, ಅದು ಲಿನಕ್ಸಿನಲ್ಲಿಲ್ಲ. ಆ ಭಾಗವನ್ನು ಮತ್ತೆ ಬರೆಯಬೇಕು. ಲಿನಕ್ಸಿನಲ್ಲೂ ಉಬುಂಟು, ಫೆಡೋರಾ, ಆರ್ಚ್ ಅಂತ ಹತ್ತಾರು ಬಗೆ, ಅವುಗಳ ಮೇಲೆ ಗ್ರಾಫಿಕ್ಸ್ ಡ್ರೈವರ್‌ಗಳ ಬೇರೆ ಬೇರೆ ಆವೃತ್ತಿ. ಎಲ್ಲದರ ಮೇಲೂ ಪರೀಕ್ಷೆ ಮಾಡಬೇಕು. ಇದು ಮಾರಾಟದ ಜೊತೆ ಏರಿಳಿಯುವ ಖರ್ಚಲ್ಲ, ಸ್ಥಿರ ವೆಚ್ಚ. ಒಂದು ಪ್ರತಿ ಮಾರಿದರೂ ಅಷ್ಟೇ, ಲಕ್ಷ ಮಾರಿದರೂ ಅಷ್ಟೇ.

ಇದರಲ್ಲಿ ಕೈ ಸುಟ್ಟುಕೊಂಡ ಹಳೆಯ ಉದಾಹರಣೆ ಲೋಕಿ ಸಾಫ್ಟ್‌ವೇರ್. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಕಂಪನಿ ಬೇರೆಯವರ ಗೇಮ್‌ಗಳ ಹಕ್ಕು ಪಡೆದು, ಲಿನಕ್ಸಿಗೆ ತಂದು, ಡಬ್ಬಿಯಲ್ಲಿಟ್ಟು ಮಾರುತ್ತಿತ್ತು. ಲಿನಕ್ಸ್ ಡಬ್ಬಿ ಅಂಗಡಿಗೆ ಬರುವ ಹೊತ್ತಿಗೆ ಅದೇ ಗೇಮಿನ ವಿಂಡೋಸ್ ಡಬ್ಬಿಯ ಬೆಲೆ ಇಳಿದಿರುತ್ತಿತ್ತು, ಆಸೆಯಿದ್ದವರು ಕೊಂಡೂ ಆಗಿರುತ್ತಿತ್ತು. 2002ರ ಜನವರಿಯಲ್ಲಿ ಲೋಕಿ ಬಾಗಿಲು ಹಾಕಿತು. ಅಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ ಲಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ತಂತ್ರಾಂಶ ಮಾತ್ರ ಉಳಿಯಿತು. ಕಿಟಕಿ, ಶಬ್ದ, ಕೀಬೋರ್ಡ್, ಜಾಯ್‌ಸ್ಟಿಕ್ ಇವನ್ನೆಲ್ಲ ಯಾವ ಆಪರೇಟಿಂಗ್ ಸಿಸ್ಟಂನಲ್ಲಾದರೂ ಒಂದೇ ರೀತಿ ನಿಭಾಯಿಸುವ ಮುಕ್ತ ಲೈಬ್ರರಿ ಅದು. ಇವತ್ತು ಅಸಂಖ್ಯ ಗೇಮ್‌ಗಳು ಅದರ ಮೇಲೆ ನಿಂತಿವೆ. ದಿವಾಳಿ ಪಟ್ಟಿಯಲ್ಲಿ ಅದಕ್ಕೆ ಬೆಲೆ ಕಟ್ಟಿರಲಾರರು.

ಎರಡನೆಯದು, ಇತ್ತೀಚಿನ ಎರಡು ಲೆಕ್ಕಗಳು. ರಾಕೆಟ್ ಲೀಗ್ ಎಂಬ ಪ್ರಸಿದ್ಧ ಗೇಮಿನ ಕಂಪನಿ 2020ರಲ್ಲಿ ಮ್ಯಾಕ್ ಮತ್ತು ಲಿನಕ್ಸ್ ಬೆಂಬಲ ನಿಲ್ಲಿಸಿತು. ಎರಡೂ ಸೇರಿ ಆಟಗಾರರಲ್ಲಿ ಶೇ. 0.3ಕ್ಕಿಂತ ಕಡಿಮೆ ಅಂತ ಕಾರಣ ಕೊಟ್ಟಿತು. ಕೊಂಡವರಿಗೆ ಹಣ ವಾಪಸ್ ಕೊಡುವ ವ್ಯವಸ್ಥೆಯನ್ನೂ ಮಾಡಿತು. ನನ್ನ ಟಿಪ್ಪಣಿಯೂ ಇದೇ ಜಾತಿಯದು.

ಅದಾದ ಮರುವರ್ಷ, 2021ರಲ್ಲಿ, ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್ ಎಂಬ ಸಣ್ಣ ಗೇಮಿನ ಡೆವಲಪರ್ ತನ್ನ ಲೆಕ್ಕವನ್ನು ಬಹಿರಂಗವಾಗಿ ಇಟ್ಟ. ಮಾರಿದ ಸುಮಾರು 12,000 ಪ್ರತಿಗಳಲ್ಲಿ ಲಿನಕ್ಸಿನವರು ಸುಮಾರು 700, ಅಂದರೆ ಶೇ. 6ರ ಹತ್ತಿರ. ಬಂದ ಬಗ್ ವರದಿಗಳಲ್ಲಿ ಅವರ ಪಾಲು ಶೇ. 38, ಸುಮಾರು 400. ಇಷ್ಟು ಕೇಳಿದರೆ ನನ್ನಂಥವನು ಏನನ್ನುತ್ತಾನೆ? "ನೋಡಿ, ಆರು ಪಾಲು ದುಡ್ಡು, ಮೂವತ್ತೆಂಟು ಪಾಲು ತಲೆನೋವು." ಆದರೆ ಆ 400ರಲ್ಲಿ ಲಿನಕ್ಸಿನಲ್ಲಿ ಮಾತ್ರ ಕಾಣುತ್ತಿದ್ದ ದೋಷಗಳು ಬರೀ ಮೂರು. ಉಳಿದವು ವಿಂಡೋಸಿನವರನ್ನೂ ಕಾಡುವಂಥವೇ. ವಿಂಡೋಸಿನವರು ಹೇಳಿರಲಿಲ್ಲ, ಅಷ್ಟೇ. ತಮ್ಮ ಯಂತ್ರವನ್ನು ತಾವೇ ರಿಪೇರಿ ಮಾಡಿಕೊಂಡು ಅಭ್ಯಾಸವಿದ್ದ ಲಿನಕ್ಸಿನವರು ಏನು ಮಾಡಿದಾಗ ಕೆಟ್ಟಿತು, ಯಾವ ಸಾಲಿನಲ್ಲಿ ಕೆಟ್ಟಿತು ಅಂತ ಬರೆದು ಕಳಿಸಿದ್ದರು. ಅದನ್ನು ಓದಿದ ದಿನ ಜಯನಗರದ ಆಫೀಸಿನಲ್ಲಿ ಆ ಹುಡುಗ ನಿಂತಿದ್ದು ನೆನಪಾಯಿತು. ನಾನು ಖರ್ಚಿನ ಕಡೆ ಬರೆದಿದ್ದನ್ನು ಆದಾಯದ ಕಡೆಯೂ ನೋಡಬೇಕಿತ್ತು.

ಮೂರನೆಯದು, ವಾಲ್ವ್ ಕಂಪನಿಯ ಹೂಡಿಕೆ. ಸ್ಟೀಮ್ ಎಂಬ ಗೇಮ್ ಅಂಗಡಿ ಇವರದೇ. ವಿಂಡೋಸ್ 8 ತನ್ನದೇ ಅಂಗಡಿ ಇಟ್ಟುಕೊಂಡು ಬರುತ್ತದೆ ಅಂತ ಗೊತ್ತಾದಾಗ, 2012ರಲ್ಲಿ, ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ಅದನ್ನು ಪಿಸಿ ಲೋಕಕ್ಕೇ ಒದಗಿದ ವಿಪತ್ತು ಅಂತ ಬಹಿರಂಗವಾಗಿ ಕರೆದರು. 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸಿಗೆ ಬಂತು. 2015ರಲ್ಲಿ ತಂದ ಸ್ಟೀಮ್ ಮಷೀನ್‌ಗಳು ಓಡಲಿಲ್ಲ. ಅಲ್ಲಿಗೇ ಬಿಡಲಿಲ್ಲ. 1993ರಿಂದ ಬೆಳೆದು ಬಂದಿದ್ದ ವೈನ್ ಯೋಜನೆಯ ಆಧಾರದ ಮೇಲೆ 2018ರ ಆಗಸ್ಟಿನಲ್ಲಿ ಪ್ರೋಟಾನ್ ತಂದರು. ವಿಂಡೋಸಿಗಾಗಿ ಬರೆದ ಗೇಮನ್ನೇ ಲಿನಕ್ಸಿನಲ್ಲಿ ಓಡಿಸುವ ದುಭಾಷಿ ಅದು. 2022ರ ಫೆಬ್ರವರಿಯಲ್ಲಿ ಲಿನಕ್ಸ್ ಮೇಲೆ ಓಡುವ ಸ್ಟೀಮ್ ಡೆಕ್ ಗಿರಾಕಿಗಳ ಕೈಗೆ ಬಂತು.

ಲಿನಕ್ಸ್ ಪಾಲು ಶೇಕಡಾ ಒಂದರ ಆಸುಪಾಸು ಇದ್ದಾಗ ವರ್ಷಾನುಗಟ್ಟಲೆ ದುಡ್ಡು ಸುರಿದದ್ದು ಯಾಕೆ? ನನ್ನ ಕಣ್ಣಿಗೆ ಅದು ವಿಮೆಯ ಕಂತು. ತನ್ನ ಇಡೀ ಅಂಗಡಿ ಇನ್ನೊಬ್ಬರ ಜಾಗದಲ್ಲಿದೆ, ಜಾಗದ ಯಜಮಾನ ತಾನೂ ಅದೇ ವ್ಯಾಪಾರ ಶುರುಮಾಡಿದ್ದಾನೆ ಅಂದಾಗ ಬುದ್ಧಿವಂತ ವ್ಯಾಪಾರಿ ಪಕ್ಕದಲ್ಲಿ ಸ್ವಂತ ನಿವೇಶನ ನೋಡಿಕೊಳ್ಳುತ್ತಾನೆ. ಇದರಿಂದ ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ಪ್ರತಿ ಡೆವಲಪರ್ ತನ್ನ ತಲೆಯ ಮೇಲೆ ಹೊರಬೇಕಿದ್ದ ಸ್ಥಿರ ವೆಚ್ಚದ ಬಹುಪಾಲನ್ನು ಈಗ ಒಂದು ಕಡೆ ಹೊರುತ್ತಾರೆ. ಸಣ್ಣ ಕಂಪನಿಯವರು ಬೇರೆ ಆವೃತ್ತಿ ಮಾಡದೆ, ಡೆಕ್ ಮೇಲೆ ಒಮ್ಮೆ ಓಡಿಸಿ ನೋಡಿದರೂ ನಡೆಯುತ್ತದೆ.

ಹಾಗಂತ ಎಲ್ಲ ಸುಖಾಂತವಲ್ಲ. ಆನ್‌ಲೈನ್ ಸ್ಪರ್ಧೆಯ ಗೇಮ್‌ಗಳಲ್ಲಿ ಮೋಸ ತಡೆಯುವ ತಂತ್ರಾಂಶ ಇರುತ್ತದೆ. ಅವುಗಳಲ್ಲಿ ಮುಖ್ಯವಾದ ಎರಡು, ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ, 2021ರಿಂದ ಪ್ರೋಟಾನ್ ಜೊತೆ ಕೆಲಸ ಮಾಡಬಲ್ಲವು. ಆದರೆ ಗೇಮ್ ಕಂಪನಿ ಒಪ್ಪಿಗೆ ಕೊಡಬೇಕು. ಏಪೆಕ್ಸ್ ಲೆಜೆಂಡ್ಸ್ ಮೊದಲು ಒಪ್ಪಿ, ಮೋಸಗಾರರು ಆ ದಾರಿಯಲ್ಲಿ ನುಗ್ಗುತ್ತಿದ್ದಾರೆ ಅಂತ 2024ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಅವರ ಕಾರಣವನ್ನು ನಾನು ಹಗುರವಾಗಿ ನೋಡುವುದಿಲ್ಲ. ಮೋಸ ಹೆಚ್ಚಿದರೆ ಉಳಿದ ತೊಂಬತ್ತೊಂಬತ್ತು ಜನ ಬಿಟ್ಟು ಹೋಗುತ್ತಾರೆ.

ಇದು ನನ್ನ ಮನೆಗೂ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಮಗನ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವಾಗಿರಲಿಲ್ಲ. ಹೊಸದಕ್ಕೆ ದುಡ್ಡು ಯಾಕೆ ಅಂತ ಲಿನಕ್ಸ್ ಹಾಕಿಸಿದೆ. ಅವನ ಗೇಮ್‌ಗಳಲ್ಲಿ ಹೆಚ್ಚಿನವು ಓಡಿದವು. ಶನಿವಾರ ರಾತ್ರಿ ದಾವಣಗೆರೆಯ ನನ್ನ ಅಣ್ಣನ ಮಗನ ಜೊತೆ ಆಡುವ ಒಂದು ಗೇಮ್ ಮಾತ್ರ ಓಡಲಿಲ್ಲ. ಕಾರಣ ಅದೇ, ಒಪ್ಪಿಗೆ ಇಲ್ಲ. ಇಬ್ಬರು ಹುಡುಗರಿಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಒಂದು ಗಂಟೆ ಅದು. ಊರಿನ ಜೊತೆ ಅವನಿಗೆ ಉಳಿದಿರುವ ನಂಟಿನಲ್ಲಿ, ಅವನು ಹರಟುವ ಕನ್ನಡದಲ್ಲಿ, ದೊಡ್ಡ ಪಾಲು ಆ ಗಂಟೆಯದು. ಅವನಿಗೆ ನನ್ನ ಹಳೆಯ ಕಥೆ ಗೊತ್ತು. "ಅಪ್ಪ, ಅಲ್ಲೂ ನಿಮ್ಮಂಥವರು ಯಾರೋ ಲೆಕ್ಕ ಹಾಕಿರ್ತಾರೆ ಬಿಡಿ" ಅಂದ. ಈಗ ಶನಿವಾರ ಅವನ ಅಮ್ಮನ ಲ್ಯಾಪ್‌ಟಾಪ್ ಅವನ ಕೈಯಲ್ಲಿರುತ್ತದೆ.

ಕಳೆದ ವರ್ಷ ಊರಿಗೆ ಹೋದಾಗ ಆ ಹಳೆಯ ಕ್ಲೈಂಟ್‌ಗಳಲ್ಲಿ ಒಬ್ಬರಿಗೆ ಫೋನ್ ಮಾಡಿ, ನನ್ನ ಸಲಹೆ ಅವಸರದ್ದಾಯಿತೇನೋ ಅಂದೆ. ಅವರು ನಕ್ಕರು. "ಸರ್, ನೀವು ಹೇಳದಿದ್ರೂ ನಿಲ್ಲಿಸ್ತಿದ್ವಿ. ಸಂಬಳಕ್ಕೇ ದುಡ್ಡಿರಲಿಲ್ಲ" ಅಂದರು. ಹಾಗಾಗಿ ತಪ್ಪು ನನ್ನದೇ ಅಂತ ಎದೆ ಬಡಿದುಕೊಳ್ಳಲಾರೆ. ನಿಲ್ಲಿಸುವುದು ಅನಿವಾರ್ಯವೇ ಇದ್ದಿರಬಹುದು. ಏನನ್ನು ಕಳೆದುಕೊಳ್ಳುತ್ತಿದ್ದೀರಿ ಅಂತ ನಾನು ಬರೆದು ಕೊಡಬೇಕಿತ್ತು. ಅದನ್ನು ಮಾಡಲಿಲ್ಲ.

ಇಲ್ಲಿ ಕುಳಿತಿರುವ ನಿಮ್ಮಲ್ಲಿ ಬಹಳ ಜನ ನಾಳೆ ಯಾವುದೋ ಮೀಟಿಂಗಿನಲ್ಲಿ ಇಂಥ ಶೇಕಡಾ ಒಂದರ ಸಾಲನ್ನು ನೋಡುತ್ತೀರಿ. ಕತ್ತರಿಸುವ ಮುಂಚೆ ಮೂರು ಪ್ರಶ್ನೆ ಕೇಳಿ. ಈ ಖರ್ಚು ಅವರಿಂದಲೇ ಬಂದದ್ದೋ, ಎಲ್ಲರಿಗೂ ಸೇರಿದ ದೋಷವನ್ನು ಅವರು ಮೊದಲು ತೋರಿಸಿದ್ದೋ? ಈ ವೆಚ್ಚವನ್ನು ಹಂಚಿಕೊಳ್ಳುವ ದಾರಿ ಇದೆಯೋ? ಕೊಟ್ಟ ಮಾತು ಹಿಂದೆಗೆದುಕೊಂಡರೆ ಕೊಂಡವರಿಗೆ ಏನು ಕೊಡುತ್ತೇವೆ? ಮೂರಕ್ಕೂ ಉತ್ತರ ಬರೆದ ಮೇಲೂ ನಿಲ್ಲಿಸಬೇಕಾದರೆ ನಿಲ್ಲಿಸಿ.

ಕೊನೆಯ ಮಾತು. ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಕನ್ನಡದ ಮೆನುಗಳು ಬಂದದ್ದು ಬರೀ ಮಾರುಕಟ್ಟೆ ಲೆಕ್ಕದಿಂದ ಅಲ್ಲ. ಒಂದೊಂದೇ ಪದ ಅನುವಾದಿಸಿದ ಸ್ವಯಂಸೇವಕರ ಪಾಲೂ ಅದರಲ್ಲಿದೆ. ಯಾರದೋ ಹಾಳೆಯಲ್ಲಿ ನಾವೂ ಶೇಕಡಾ ಒಂದರ ಸಾಲೇ. ಆ ಸಾಲಿನಲ್ಲಿರುವವರು ಬಗ್ ಕಂಡರೆ ಸುಮ್ಮನಿರಬಾರದು, ಬರೆದು ಕಳಿಸಬೇಕು. ಕನ್ನಡದಲ್ಲೇ ಕಳಿಸಿದರೂ ಆದೀತು.