ಚುಕ್ಕಿ ಇರುವ ಫೋಟೋ, ಚುಕ್ಕಿ ಇಲ್ಲದ ಫೋಟೋ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳ ಕಲಿಕಾ ಕೇಂದ್ರಗಳಿಗೆ ನಾವು ಹೋಗಿ ಬರುತ್ತಿರುತ್ತೇವೆ. ಇವತ್ತು ಒಂದು ಫೋಟೋದ ವಿಷಯ ಮಾತಾಡೋಣ.

ಎಚ್.ಡಿ. ಕೋಟೆ ಕಡೆಯ ಒಂದು ಊರು. ಅಲ್ಲಿ ಒಬ್ಬ ಅವ್ವ ಹೊಸದಾಗಿ ಓದು ಕಲಿತಿದ್ದರು. ೨೦೨೩ರ ಆಗಸ್ಟ್ ೨೩ರಂದು ನಮ್ಮ ಚಂದ್ರಯಾನ-೩ ಚಂದ್ರನ ಮೇಲೆ ಇಳಿಯಿತಲ್ಲ, ಅದರ ಮುಂದಿನ ವಾರ. ಚಂದ್ರನ ಮೇಲೆ ನಿಂತ ವಿಕ್ರಮ್ ನೌಕೆಯ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಅವ್ವ ಬೆರಳಿಟ್ಟು, ಅಕ್ಷರ ಕೂಡಿಸಿ, ಅದರ ಕೆಳಗಿನ ಸಾಲನ್ನು ಪೂರ್ತಿ ಓದಿದರು.

ಪಕ್ಕದಲ್ಲಿದ್ದ ಮೊಮ್ಮಗ ನಕ್ಕುಬಿಟ್ಟ. "ಸುಳ್ಳು ಕಣಜ್ಜಿ ಅದು. ಆಕಾಶ ಕಪ್ಪಗದೆ, ಒಂದು ಚುಕ್ಕಿನಾದ್ರೂ ಅದಾ ನೋಡು. ಯಾವ್ದೋ ಸ್ಟುಡಿಯೋಲಿ ತೆಗ್ದವ್ರೆ" ಅಂದ.

ಅವ್ವ ಪತ್ರಿಕೆ ಮಡಚಿಟ್ಟರು. ನಮ್ಮ ಮುಖ ನೋಡಿ, "ಇಷ್ಟು ಕಷ್ಟಪಟ್ಟು ಓದಿದ್ದು ಸುಳ್ಳನ್ನಾ?" ಎಂದು ಕೇಳಿದರು.

ನಮಗೆ ಆವತ್ತು ಉತ್ತರ ಹೊಳೆಯಲಿಲ್ಲ. ಮುಂದಿನ ಸಲ ಹೋದಾಗ ಇನ್ನೂ ಫಜೀತಿ. ಹುಡುಗ ಫೋನಿನಲ್ಲಿ ಇನ್ನೊಂದು ಫೋಟೋ ತೋರಿಸಿದ. ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದಿಂದ ತೆಗೆದದ್ದು. ಅದರ ತುಂಬಾ ಚುಕ್ಕಿಗಳು! "ಎರಡರಲ್ಲಿ ಒಂದು ಸುಳ್ಳು ಅಲ್ವಾ ಮೇಷ್ಟ್ರೇ?" ಅಂದ. ಹುಡುಗ ಕೇಳಿದ್ದು ತಪ್ಪಲ್ಲ. ನಾವೇ ತಿಳಿದವರನ್ನು ಕೇಳಿದೆವು, ಪುಸ್ತಕ ನೋಡಿದೆವು. ಎರಡೂ ನಿಜವೇ.

ಹುಣಸೂರು, ಪಿರಿಯಾಪಟ್ಟಣದವರಿಗೆ ಇದು ಬೇಗ ಅರ್ಥವಾಗುತ್ತೆ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನೀವು ರಾತ್ರಿಯೆಲ್ಲಾ ಬ್ಯಾರನ್ ಮುಂದೆ ಎದ್ದಿರುತ್ತೀರಿ. ಒಲೆಯ ಬಾಯಿಗೆ ಸೌದೆ ತಳ್ಳುತ್ತೀರಿ. ಉರಿ ನೋಡಿದ ಕಣ್ಣಲ್ಲಿ ತಟ್ಟನೆ ತಲೆ ಎತ್ತಿ ನೋಡಿ. ಆಕಾಶ ಬರೀ ಕಪ್ಪು. ಅಲ್ಲಿಂದ ಹೊಲದ ಬದುವಿನ ಕಡೆ ನಡೆದು, ಸ್ವಲ್ಪ ಹೊತ್ತು ಕತ್ತಲಲ್ಲಿ ನಿಲ್ಲಿ. ಮೋಡ ಇಲ್ಲದಿದ್ದರೆ ಒಂದೊಂದೇ ಚುಕ್ಕಿ ಕಾಣಿಸಿಕೊಳ್ಳುತ್ತೆ. ಚುಕ್ಕಿ ಮೊದಲೂ ಇತ್ತು. ಉರಿಯ ಬೆಳಕಿಗೆ ಹೊಂದಿಕೊಂಡಿದ್ದ ಕಣ್ಣಿಗೆ ಅದರ ಸಣ್ಣ ಬೆಳಕು ಸಾಲದು, ಅಷ್ಟೇ.

ಕ್ಯಾಮೆರಾ ಕೂಡ ಹಾಗೇ. ಅದಕ್ಕೊಂದು ಬಾಗಿಲು ಇದೆ ಅಂತ ತಿಳಿಯಿರಿ. ಬಾಗಿಲು ತೆರೆದಷ್ಟು ಹೊತ್ತು ಬೆಳಕು ಒಳಗೆ ಬರುತ್ತೆ. ಬಿಸಿಲಲ್ಲಿ ಫೋಟೋ ತೆಗೆಯುವಾಗ ಆ ಬಾಗಿಲು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಚ್ಚಿಕೊಳ್ಳುತ್ತೆ. ಬಿಸಿಲು ಜಡಿಮಳೆ ಇದ್ದ ಹಾಗೆ, ಬಟ್ಟಲು ಇಟ್ಟ ಕೂಡಲೇ ತುಂಬುತ್ತೆ. ಚುಕ್ಕಿಯ ಬೆಳಕು ತುಂತುರು ಹನಿ. ಬಟ್ಟಲನ್ನು ಬಹಳ ಹೊತ್ತು ಇಡಬೇಕು. ಈಗ ಎರಡನ್ನೂ ಒಂದೇ ಬಟ್ಟಲಲ್ಲಿ ಹಿಡಿಯಿರಿ ಅಂದರೆ? ಚುಕ್ಕಿ ಬರಲಿ ಅಂತ ಬಾಗಿಲು ತೆರೆದಿಟ್ಟರೆ ಬಿಸಿಲು ಬಿದ್ದ ವಸ್ತು ಬರೀ ಬಿಳಿ ಆಗಿಬಿಡುತ್ತೆ. ಕೆ.ಆರ್. ನಗರದ ಕಡೆಯವರು ಚುಂಚನಕಟ್ಟೆ ಜಾತ್ರೆಯಲ್ಲಿ ರಾತ್ರಿ ಸೀರಿಯಲ್ ದೀಪದ ಫೋಟೋ ತೆಗೆದಿರುತ್ತೀರಿ. ಮನೆಗೆ ಹೋಗಿ ನೋಡಿ, ಅದರಲ್ಲಿ ಚುಕ್ಕಿ ಹುಡುಕಿ.

ಅವ್ವ ನೋಡಿದ ಫೋಟೋ ತೆಗೆದಾಗ ಚಂದ್ರನಲ್ಲಿ ಹಗಲು. ವಿಕ್ರಮ್ ಕೆಲಸ ಮಾಡುವುದೇ ಬಿಸಿಲಿನ ಶಕ್ತಿಯಿಂದ. ಅದಕ್ಕೇ ಅದನ್ನು ಅಲ್ಲಿ ಬೆಳಗಾದ ಮೇಲೆ ಇಳಿಸಿದ್ದು. ಚಂದ್ರನ ಒಂದು ಹಗಲು ನಮ್ಮ ೧೪ ದಿನಗಳಷ್ಟು ಉದ್ದ. ಹಗಲಾದರೆ ಆಕಾಶ ಯಾಕೆ ಕಪ್ಪು? ನಮ್ಮಲ್ಲಿ ಗಾಳಿ ಇದೆ. ಸೂರ್ಯನ ಬೆಳಕನ್ನು ಗಾಳಿ ಚೆದುರಿಸುತ್ತೆ, ಅದರಿಂದ ಆಕಾಶ ನೀಲಿ. ಚಂದ್ರನಲ್ಲಿ ಹೇಳಿಕೊಳ್ಳುವಂಥ ಗಾಳಿ ಇಲ್ಲ. ಕೆಳಗೆ ಉರಿಬಿಸಿಲು, ಮೇಲೆ ಕಪ್ಪು. ಹುಡುಗ ಆ ಕಪ್ಪು ನೋಡಿ ರಾತ್ರಿ ಅಂದುಕೊಂಡಿದ್ದ. ನಾವೂ ಹಾಗೇ ಅಂದುಕೊಂಡಿದ್ದೆವು, ಹೇಳಿಕೊಳ್ಳಲು ನಾಚಿಕೆ ಏನು.

ಇನ್ನು ನಿಲ್ದಾಣದ ಫೋಟೋ. ಅದು ನಮ್ಮ ತಲೆಯ ಮೇಲೆ ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದೆ. ೨೦೨೫ರಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲಾ ಅಲ್ಲಿಗೆ ಹೋಗಿ ೧೮ ದಿನ ಇದ್ದು ಬಂದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕಳಿಸಿದ್ದ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆ ಒಡೆದವು. ಆ ನಿಲ್ದಾಣದ ವೇಗ ಕೇಳಿ. ಹುಣಸೂರಿನಿಂದ ಮೈಸೂರಿಗೆ ನಮಗೆ ಬಸ್ಸಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ಅದಕ್ಕೆ ಆರು ಸೆಕೆಂಡು! ಸುಮಾರು ೯೦ ನಿಮಿಷಕ್ಕೆ ಭೂಮಿಯನ್ನೇ ಒಂದು ಸುತ್ತು ಹಾಕುತ್ತೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ಹಗಲು, ಸ್ವಲ್ಪ ಹೊತ್ತು ರಾತ್ರಿ.

ಹಗಲಿನ ಕಡೆ ಇದ್ದಾಗ ಕೆಳಗೆ ಬಿಸಿಲು ಬಿದ್ದ ಭೂಮಿ, ಮೋಡ ಎಲ್ಲಾ ಫಳಫಳ ಹೊಳೆಯುತ್ತೆ. ಆಗ ತೆಗೆದ ಫೋಟೋದಲ್ಲಿ ಚುಕ್ಕಿ ಇರಲ್ಲ. ರಾತ್ರಿಯ ಕಡೆ ಬಂದಾಗ ಒಳಗಿನ ದೀಪ ಆರಿಸಿ, ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ಬಾಗಿಲನ್ನು ಕೆಲವು ಸೆಕೆಂಡು ತೆರೆದಿಡುತ್ತಾರೆ. ಆಗ ಊರುಗಳ ದೀಪವೂ ಬರುತ್ತೆ, ಚುಕ್ಕಿಯೂ ಬರುತ್ತೆ.

ಇದರಲ್ಲಿ ಕೈ ಪಳಗಿದವರು ಅಮೆರಿಕದ ಡಾನ್ ಪೆಟಿಟ್. ನಿಲ್ದಾಣ ಓಡುತ್ತಿರುವಾಗ ಬಾಗಿಲು ತೆರೆದಿಟ್ಟರೆ ಚುಕ್ಕಿ ಗೆರೆಯಾಗಿ ಎಳೆದುಕೊಳ್ಳುತ್ತೆ. ಪೆಟಿಟ್ ೨೦೧೨ರಲ್ಲಿ ೩೦ ಸೆಕೆಂಡಿನ ಫೋಟೋಗಳನ್ನು ಒಂದರ ಮೇಲೊಂದು ಕೂಡಿಸಿ, ಆ ಗೆರೆಗಳನ್ನೇ ಚಂದದ ರಂಗೋಲಿ ಮಾಡಿದರು. ೨೦೨೪ರಲ್ಲಿ ಮತ್ತೆ ಹೋದಾಗ, ಓಟಕ್ಕೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಸಾಧನ ಒಯ್ದರು. ಆಗ ಚುಕ್ಕಿ ಚುಕ್ಕಿಯಾಗೇ ಬಂತು. ೨೦೨೫ರಲ್ಲಿ ಭೂಮಿಗೆ ಇಳಿದ ದಿನ ಅವರಿಗೆ ೭೦ ವರ್ಷ ತುಂಬಿತ್ತು. ಈ ವಯಸ್ಸಲ್ಲಿ ನಮಗ್ಯಾಕೆ ಕಲಿಕೆ ಅನ್ನುವ ಯಜಮಾನರು ಕೇಳಿಸಿಕೊಳ್ಳಿ.

ಚಂದ್ರನ ಮೇಲಿಂದ ಚುಕ್ಕಿಯ ಫೋಟೋ ತೆಗೆದದ್ದೂ ಉಂಟು. ೧೯೭೨ರಲ್ಲಿ ಹೋದ ಅಪೊಲೊ-೧೬ರವರು ಚುಕ್ಕಿಗಾಗಿಯೇ ಮಾಡಿದ ಕ್ಯಾಮೆರಾ ಒಯ್ದಿದ್ದರು. ಅದನ್ನು ಎಲ್ಲಿಟ್ಟರು ಗೊತ್ತೇ? ನೌಕೆಯ ನೆರಳಲ್ಲಿ.

ಇಷ್ಟು ತಿಳಿದುಕೊಂಡು ಮತ್ತೆ ಆ ಊರಿಗೆ ಹೋದೆವು. ಮಾತು ಬೇಡ, ಮಾಡಿಯೇ ನೋಡೋಣ ಅಂದೆವು. ಹುಡುಗ ಹೊರಗೆ ಬಂದು, ಟ್ಯೂಬ್‌ಲೈಟ್ ಉರಿಯುತ್ತಿದ್ದ ಜಗಲಿಯೂ ಆಕಾಶವೂ ಸೇರುವ ಹಾಗೆ ಫೋನಿನಲ್ಲಿ ಒಂದು ಫೋಟೋ ತೆಗೆದ. ಜಗಲಿ ಬಂತು, ಚುಕ್ಕಿ ಬರಲಿಲ್ಲ. ಆಮೇಲೆ ದೀಪ ಆರಿಸಿದೆವು. ಫೋನನ್ನು ಕಲ್ಲಿನ ಮೇಲೆ ಮಲಗಿಸಿ, ರಾತ್ರಿ ಫೋಟೋದ ಗುಂಡಿ ಒತ್ತಿ, ಅಲುಗಿಸದೆ ಕಾದೆವು.

ಅವ್ವ ಫೋನು ಈಸಿಕೊಂಡು, ಪತ್ರಿಕೆ ಓದಿದ ಹಾಗೇ ಬೆರಳಿಟ್ಟು ಎಣಿಸಿದರು. ಹದಿನೇಳು ಅಂದರು. ಮೊಮ್ಮಗ ಹತ್ತೊಂಬತ್ತು ಅಂದ. ಇಬ್ಬರೂ ಮತ್ತೆ ಮೊದಲಿಂದ ಎಣಿಸಲು ಕೂತರು.